ಮರದ ಮೇಲಿದ್ದ ಹುಡುಗಿ

ಐದನೆಯ ತರಗತಿಯ ಇಂಗ್ಲಿಷ್ ಪುಸ್ತಕದ ಮೊದಲ ಪಾಠದಲ್ಲಿ ಹಿಮ ಬೀಳುತ್ತಿತ್ತು. ಎರಡನೆಯದರಲ್ಲಿ ಹಡಗೊಂದು ರೇವಿಗೆ ಬರುತ್ತಿತ್ತು. ಗುಂಡುಗಲ್ಲಹಟ್ಟಿಯ ಮಕ್ಕಳು ಎರಡನ್ನೂ ಒಂದೇ ರಾಗದಲ್ಲಿ ಒದರಿ, ಮೂರನೆಯದಕ್ಕೆ ತೂಕಡಿಸಿದರು.

ಮಲೀಕಾ ಟೀಚರ್ ಪುಸ್ತಕ ಮುಚ್ಚಿದಳು. ಚಿತ್ರದುರ್ಗದಲ್ಲಿ ಅತ್ತರು ಮಾರುವ ಉಸ್ಮಾನ್ ಸಾಬರ ಮಗಳು ಅವಳು. ಮಾಡದಕೆರೆಯಿಂದ ಎರಡು ಮೈಲಿ ನಡೆದು ಈ ಕುರಿಗಾರರ ಹಟ್ಟಿಗೆ ಬರತೊಡಗಿ ಎರಡು ತಿಂಗಳಾಗಿತ್ತು. ಅದು ೧೯೭೪.

"ಎಂಥ ಕಥೆ ಬೇಕು ನಿಮಗೆ?"

"ರಕ್ತ ಬರಬೇಕು ಟೀಚರ್," ಎಂದ ಟೀ ಅಂಗಡಿ ಪಾಪಣ್ಣನ ಮಗ. "ಮೊದ್ಲು ಹೆದ್ರಿಕೆ ಆಗ್ಬೇಕು. ಆಮ್ಯಾಕೆ ನಗು ಬರ್ಬೇಕು."

ಅವಳು ಸುಲಭ ಇಂಗ್ಲಿಷಿನಲ್ಲಿ ಬಾವಿಯ ಹಾವಿನ ಕಥೆ ಬರೆದು ತಂದು, ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಕಚ್ಚಲೇ ಇಲ್ವಲ್ಲ," ಎಂದರು. ಕಳ್ಳನ ಕಥೆ ತಂದಳು. "ನಮ್ ಜುಂಜಯ್ಯ ಇದ್ಕಿಂತ ಚೆಂದಾಗಿ ಕದೀತಾನೆ," ಎಂದು ಬಿದ್ದುಬಿದ್ದು ನಕ್ಕರು. ಕಥೆಗೆ ನಗಲಿಲ್ಲ.

ಕೊನೆಗೆ ಕಥೆ ಕೊಟ್ಟವಳು ಚಿತ್ತಮ್ಮ, ಎತ್ತಪ್ಪನ ತಾಯಿಯಿಲ್ಲದ ಮಗಳು. ಒಂದು ವರ್ಷ ನೋಡುತ್ತೇನೆ, ಓದು ಹತ್ತಿದರೆ ಹೊಸದುರ್ಗದ ಹಾಸ್ಟೆಲ್ಲು, ಇಲ್ಲದಿದ್ದರೆ ಕುರಿ ಹಿಂದೆ ಎಂದಿದ್ದ ಎತ್ತಪ್ಪ. ಓದು ಅವಳಿಗೆ ಒಣಹುಲ್ಲಿಗೆ ಬೆಂಕಿ ಹತ್ತುವ ಹಾಗೆ ಹತ್ತಿತ್ತು. ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಕರಿಹಲಗೆ ಒರೆಸುತ್ತಾ ಹೇಳಿದಳು:

"ಹೋದ್ವರ್ಷ ನಮ್ ಕುರಿ ರೊಪ್ಪಕ್ಕೆ ಮೂರು ತೋಳ ಬಂದಿದ್ವು ಟೀಚರ್. ಹೊತ್ತು ಮುಳುಗ್ತಿತ್ತು. ಅಪ್ಪ ನನ್ನ ಬೆನ್ನಿಗೆ ಹಾಕ್ಕೊಂಡು ಬೇವಿನ ಮರ ಹತ್ತಿದ. ನನ್ನ ಕೊಂಬೆ ಮ್ಯಾಲೆ ಕುಂಡ್ರಿಸಿ ಇಳಿಯಾಕೆ ಹೋದ. ನಾನು ಅವನ ಕೊರಳು ಬಿಡಲೇ ಇಲ್ಲ. ನಮ್ ನಾಯಿ ಬೋಡ ಕೆಳಗೆ ಒಂದೇ ಕಚ್ಚಾಡ್ತು. ಸತ್ತೋತು. ನಾನು ಬಿಟ್ಟಿದ್ರೆ ಅಪ್ಪ ಇಳಿದು ನಾಯಿ ಉಳಿಸ್ತಿದ್ದ." ಬಟ್ಟೆ ಕೊಡವಿ ಸೇರಿಸಿದಳು: "ಯಾರಿಗೂ ಹೇಳಿಲ್ಲ."

ಮಲೀಕಾ ಆ ರಾತ್ರಿಯೇ ಬರೆದಳು. ಹನ್ನೆರಡು ಸಣ್ಣ ವಾಕ್ಯ. ಮೂರು ತೋಳ, ಒಂದು ನಾಯಿ, ಒಬ್ಬ ಕುರಿಗಾರ, ಮರದ ಮೇಲೆ ಒಬ್ಬ ಹುಡುಗಿ. ಆಮೇಲೆ ಹುಡುಗಿಯಿದ್ದ ಎರಡು ವಾಕ್ಯ ಹೊಡೆದುಹಾಕಿದಳು. ಹುಡುಗಿ ಇದ್ದರೆ ಅದು ಚಿತ್ತಮ್ಮನೇ ಎಂದು ಗೊತ್ತಾಗುತ್ತದೆ, ಕೂಸಿಗೆ ನೋವಾಗುತ್ತದೆ ಎಂದುಕೊಂಡಳು. ಹತ್ತು ವಾಕ್ಯ ಉಳಿದವು. ಓದಿನೋಡಿದಾಗ ಕಥೆ ಮೊದಲಿಗಿಂತ ಚುರುಕಾಗಿತ್ತು. ಅದೂ ಅವಳಿಗೆ ಹಿತವಾಯಿತು.

ಮರುದಿನ ತರಗತಿ ಉಸಿರು ಹಿಡಿದು ಕೂತಿತು. ತೋಳ ಬಂದಾಗ ಹೆದರಿತು. ನಾಯಿಯ ರಕ್ತ ಸುರಿದಾಗ ಮುಂದಕ್ಕೆ ಬಾಗಿತು. ಕುರಿಗಾರ ಒಬ್ಬನೇ ಮರವೇರಿ, ಮೇಲಿಂದ ನೋಡುತ್ತಾ ಕೂತಾಗ ನಗೆ ಒಡೆಯಿತು. ಆ ನಗೆಯ ನಡುವೆ ಪಾಪಣ್ಣನ ಮಗ ಕೂಗಿದ: "ಲೇ, ಎತ್ತಪ್ಪ ಕಣ್ರೋ!"

ತೋಳಗಳಿಗೆ ಸಿಕ್ಕಿ ಎತ್ತಪ್ಪನ ಬೋಡ ಸತ್ತದ್ದು ಹಟ್ಟಿಗೆ ಗೊತ್ತಿತ್ತು. ಹೇಗೆಂದು ಯಾರೂ ಕೇಳಿರಲಿಲ್ಲ. ಈಗ ಮಕ್ಕಳಿಗೆಲ್ಲ ಗೊತ್ತಾಯಿತು, ಅದೂ ಇಂಗ್ಲಿಷಿನಲ್ಲಿ. ಹಿಮ, ಹಡಗು ತಲೆಗೆ ಹತ್ತದ ಮಕ್ಕಳು ವಾರದೊಳಗೆ ಹತ್ತು ವಾಕ್ಯವನ್ನೂ ತಪ್ಪಿಲ್ಲದೆ ಹೇಳಿದರು. ಶಾಲೆಗೆ ಬಂದ ಇನ್‌ಸ್ಪೆಕ್ಟರು ಬೆರಗಾದರು. "ಜನವರಿ ಇಪ್ಪತ್ತಾರಕ್ಕೆ ಬರ್ತೀನಮ್ಮ. ಊರವರ ಮುಂದೆ ಇದನ್ನೇ ಓದಿಸಿ."

ಬಾಯಿಪಾಠವಲ್ಲದೆ ಹಾಳೆ ನೋಡಿ ತಡವರಿಸದೆ ಓದುವವಳು ಚಿತ್ತಮ್ಮ ಒಬ್ಬಳೇ.

"ಬ್ಯಾರೆ ಕಥೆ ಓದ್ತೀನಿ ಟೀಚರ್."

"ಇದೊಂದು ಸಲ ಕಣಮ್ಮ. ನಿಮ್ಮಪ್ಪನಿಗೆ ಇಂಗ್ಲಿಷ್ ಬರಲ್ಲವಲ್ಲ."

ಎತ್ತಪ್ಪ ಹೊಸ ಪೇಟ ಸುತ್ತಿಕೊಂಡು ಬಂದು ಮುಂದೆಯೇ ಕೂತ. ಮಗಳು ಓದಿದಳು. ದನಿ ನಡುಗಲಿಲ್ಲ. ಮರ ಹತ್ತುವ ಸಾಲಿಗೆ ಮಕ್ಕಳೆಲ್ಲ ನಕ್ಕರು. ಎಲ್ಲರೂ ನಗುತ್ತಿದ್ದರೆಂದು ಎತ್ತಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

"ಏನ್ ಓದಿದ್ಲು ಟೀಚರಮ್ಮ, ನಮ್ ಹುಡುಗಿ?"

"ಒಂದು ನಾಯಿ ಕಥೆ."

"ನಮ್ದೂ ಒಂದಿತ್ತು," ಎಂದ ಎತ್ತಪ್ಪ. "ಹಾಸ್ಟೆಲ್ಲಿಗೆ ಅರ್ಜಿ ಬರೀರಿ. ನಾ ಹೆಬ್ಬೆಟ್ಟು ಒತ್ತುತೀನಿ."

ಸಂಜೆ ಟೀ ಅಂಗಡಿಯಲ್ಲಿ ಪಾಪಣ್ಣ ಕೇಳಿದ: "ಏನಪ್ಪ ಎತ್ತಪ್ಪ, ನಾಯಿ ಸಾಯಾಕೆ ಬಿಟ್ಟು ಮರ ಹತ್ತಿದ್ಯಂತೆ?"

"ಮಗಳು ಇದ್ಳಲ್ಲೋ ಬೆನ್ನ ಮ್ಯಾಲೆ."

"ಇಂಗ್ಲೀಷ್‌ನಾಗೆ ಮಗಳಿಲ್ವಂತೆ. ಓದಿದ್ದೂ ನಿನ್ ಮಗಳೇ ಅಲ್ವೇನಪ್ಪ!"

ಮಾರನೆಯ ದಿನ ಚಿತ್ತಮ್ಮ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಮಲೀಕಾ ರೊಪ್ಪಕ್ಕೆ ಹೋದಳು. ಎತ್ತಪ್ಪ ಕಂಬಳಿ ಹಾಸಿ, "ಕುಂತ್ಕಳ್ರಿ," ಎಂದ. "ನಾ ಹೋಗು ಅಂತೀನಿ ಟೀಚರಮ್ಮ. ಅವಳೇ ಒಲ್ಲೆ ಅಂತಾಳೆ."

ಚಿತ್ತಮ್ಮ ಮರಿಯೊಂದಕ್ಕೆ ಸೊಪ್ಪು ತಿನ್ನಿಸುತ್ತಿದ್ದಳು. ತಲೆ ಎತ್ತಲಿಲ್ಲ. "ತಪ್ಪಿಲ್ದಂಗೆ ಓದಿದ್ನಲ್ಲ ಟೀಚರ್?" ಎಂದು ಮಾತ್ರ ಕೇಳಿದಳು.

ಮಲೀಕಾ ಇನ್‌ಸ್ಪೆಕ್ಟರ ಬಳಿ ಹೋಗಿ, ಎರಡು ವಾಕ್ಯ ಸೇರಿಸಬೇಕು ಸಾರ್, ಮರದ ಮೇಲೆ ಒಬ್ಬ ಹುಡುಗಿಯೂ ಇದ್ದಳು ಎಂದಳು. ಅವರಾಗಲೇ ಬೇರೆ ಶಾಲೆಗಳಿಗೆ ಹಂಚಲು ಕಥೆಯನ್ನು ಅಚ್ಚು ಮಾಡಿಸಿದ್ದರು. "ಹುಡುಗಿ ಬಂದ್ರೆ ನಗು ಎಲ್ಲಿಂದ ಬರುತ್ತಮ್ಮ? ನಿಮ್ಮ ಹೆಸರನ್ನ ಮೇಲಿನವರಿಗೆ ಬರೆದಿದ್ದೀನಿ. ಸುಮ್ಮನಿರಿ."

ಅವಳು ಸುಮ್ಮನಾದಳು.

ಎರಡು ವರ್ಷದ ಮೇಲೆ ಹೊಳಲ್ಕೆರೆಗೆ, ದೊಡ್ಡ ಶಾಲೆಗೆ ವರ್ಗವಾಯಿತು. ಹೊರಟ ದಿನ ಮಾಡದಕೆರೆ ದಾಟುತ್ತಲೇ ಕುರಿಮಂದೆಯೊಂದು ಅಡ್ಡ ಬಂದು ಬಸ್ಸು ನಿಂತಿತು. ಮಂದೆಯ ಹಿಂದೆ ಕೋಲು ಹಿಡಿದ ಚಿತ್ತಮ್ಮ. ಶಾಲೆಗೆ ಹೊರಟಿದ್ದ ಹುಡುಗರು ರಸ್ತೆ ಬದಿಯಿಂದ ಕಥೆಯ ಮೊದಲ ವಾಕ್ಯ ಕೂಗಿದರು: "ದಿ ವುಲ್ವ್ಸ್ ಕೇಮ್!"

ಚಿತ್ತಮ್ಮ ತಿರುಗಿ ನೋಡಲಿಲ್ಲ. ಪೂರ್ತಿ ಹೇಳಿದರೆ ಬೇಗ ಬಿಡುತ್ತಾರೆಂದು ಕಲಿತಿದ್ದಳು. ಕುರಿಗಳನ್ನು ಅಟ್ಟುತ್ತಲೇ ಉಳಿದ ಒಂಬತ್ತು ವಾಕ್ಯಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ ಹೇಳಿದಳು. ಮಲೀಕಾ ಕಿಟಕಿಯ ಒಳಗೆ ಕೂತು ಕೇಳಿದಳು. ಒಂದೂ ತಪ್ಪಿರಲಿಲ್ಲ.

"ಕುರಿ ಕಾಯೋಳಿಗೂ ಇಂಗ್ಲೀಷ್ ಬತ್ತೈತಲ್ರಿ!" ಎಂದ ಕಂಡಕ್ಟರು. ಬಸ್ಸಿನವರೆಲ್ಲ ನಕ್ಕರು. ಮಲೀಕಾಳ ತೊಡೆಯ ಮೇಲೆ ಹೊಳಲ್ಕೆರೆಯ ಮಕ್ಕಳಿಗೆಂದು ಅದೇ ಕಥೆ ಅಚ್ಚಾದ ನಲವತ್ತು ಹಾಳೆಗಳಿದ್ದವು. ಗಾಳಿಗೆ ಹಾರದಂತೆ ಅವುಗಳ ಮೇಲೆ ಎರಡೂ ಕೈ ಒತ್ತಿ ಹಿಡಿದಳು. ಕುರಿಗಳು ದಾಟಿದವು. ಬಸ್ಸು ಹೊರಟಿತು.