ಬಾಗಿಲ ಹಿಂದಿನ ಕ್ಯಾಲೆಂಡರ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಅವರು ಆಸ್ಪತ್ರೆಯ ಹಿಂಬಾಗಿಲಿನ ಬೀಗ ತೆಗೆಯುತ್ತಾರೆ. ಊದಿಕೊಂಡ ಪಾದಗಳನ್ನು ರಬ್ಬರ್ ಚಪ್ಪಲಿಗೆ ತೂರಿಸಿ, ಉಪಕರಣ ಕುದಿಸುವ ಪೆಟ್ಟಿಗೆಗೆ ನೀರು ತುಂಬಿ ಸ್ವಿಚ್ ಒತ್ತುತ್ತಾರೆ. ನೀರು ಕುದಿಯುವ ತನಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಕಣ್ಣು ಮುಚ್ಚುವುದೇ ದಿನದಲ್ಲಿ ಅವರಿಗೆ ಸಿಗುವ ವಿಶ್ರಾಂತಿ. ಹೊರಗೆ ಆಗಲೇ ಐದು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ.

"ಯಾಕ್ರಪ್ಪಾ, ಓದದೇ ಪರೀಕ್ಷೆಗೆ ಬಂದ ಹುಡುಗ್ರ ಹಾಗೆ ನಿಂತಿದೀರಿ? ಬನ್ನಿ ಒಳಗೆ."

ಗುರುವಾರ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನ. ಇವರು ಇಲ್ಲಿನ ಡ್ರೆಸರ್. ವಯಸ್ಸು ಐವತ್ನಾಲ್ಕು, ಈ ಕೋಣೆಯಲ್ಲಿ ಹತ್ತೊಂಬತ್ತನೇ ವರ್ಷ. ಕೂದಲು ತೆಗೆದು ಶುಚಿ ಮಾಡುವುದು, ಡಾಕ್ಟರು ಕೆಲಸ ಮಾಡುವಾಗ ತಲೆಯ ಬಳಿ ನಿಂತು ಮಾತಾಡಿಸುವುದು, ಪಟ್ಟಿ ಕಟ್ಟಿ ಮನೆಗೆ ಕಳಿಸುವುದು: ಕಾಗದದ ಮೇಲೆ ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಒಬ್ಬ ಬಡಗಿ ಧೈರ್ಯ ಮಾಡಿ ಬಾಯಿ ಬಿಡುತ್ತಾನೆ. "ಅಣ್ಣಾ, ಬ್ಲೇಡಲ್ಲಿ ಕುಯ್ಯೋದಾ, ಚುಚ್ಚೋದಾ?"

"ಎರಡೂ ಇದೆ. ಹಳೇ ಥರದಲ್ಲಿ ಬ್ಲೇಡಿಂದ ಒಂದೋ ಎರಡೋ ಸಣ್ಣ ಗಾಯ, ಮೇಲೆ ಹೊಲಿಗೆ. ಇನ್ನೊಂದರಲ್ಲಿ ಚೂಪು ಇಕ್ಕಳದಿಂದ ಪುಟ್ಟ ತೂತು, ಹೊಲಿಗೆ ಬೇಕಾಗಲ್ಲ. ರಕ್ತ ಕಮ್ಮಿ, ಊತ ಕಮ್ಮಿ, ಬೇಗ ಓಡಾಡ್ತೀಯ. ಒಳಗೆ ಕೊಳವೆ ಕತ್ತರಿಸಿ ಮುಚ್ಚೋದು ಎರಡರಲ್ಲೂ ಒಂದೇ, ಫಲಾನೂ ಒಂದೇ. ನಿನಗೆ ಯಾವ್ದು ಅಂತ ಡಾಕ್ಟರ್ ನೋಡಿ ಹೇಳ್ತಾರೆ."

"ನೋವು?"

"ಮರಗಟ್ಟಿಸೋ ಸೂಜಿ ಚುರ್ ಅನ್ನುತ್ತೆ. ಆಮೇಲೆ ಒಳಗಿಂದ ಯಾರೋ ಎಳೆದ ಹಾಗೆ ಅನ್ಸುತ್ತೆ. ಕಾಲು ಗಂಟೆ, ಅಷ್ಟೇ."

"ಮತ್ತೆ... ಗಂಡಸ್ತನ?"

"ಅದೆಲ್ಲೂ ಹೋಗಲ್ಲ ಕಣಯ್ಯ. ನಾನೂ ಮಾಡಿಸ್ಕೊಂಡೋನೇ. ಮೀಸೆ ಉದುರಿದ್ಯಾ ನೋಡು." ದಪ್ಪ ಮೀಸೆಯನ್ನು ಒಮ್ಮೆ ಎಳೆದು ತೋರಿಸುತ್ತಾರೆ. ಐವರೂ ನಗುತ್ತಾರೆ. ಈ ಜೋಕು ವಾರಕ್ಕೊಮ್ಮೆ ಬರುತ್ತದೆ. ಹೇಳುವವರ ಮುಖದಲ್ಲಿ ಮಾತ್ರ ನಗು ಬಹಳ ಹಿಂದೆಯೇ ಸವೆದುಹೋಗಿದೆ.

ಪಟ್ಟಿ ಕಟ್ಟುವಾಗ ಇನ್ನೊಂದು ಪಾಠ. ಎರಡು ದಿನ ಮಲಗಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಬೇಕು, ಬಿಗಿಯಾದ ಚಡ್ಡಿ ಹಾಕಬೇಕು. ಒಂದು ವಾರ ಭಾರ ಎತ್ತುವುದು, ಸೈಕಲ್ಲು, ಹೆಂಡತಿಯ ಸಂಗ ಬೇಡ. ಸ್ವಲ್ಪ ಊತ, ಚರ್ಮ ಕಪ್ಪಾಗುವುದು, ಮಂದ ನೋವು ಇದ್ದದ್ದೇ. "ಜ್ವರ ಬಂದ್ರೆ, ಕೀವಾದ್ರೆ, ಊತ ಏರ್ತಾನೇ ಇದ್ರೆ ನಾಚ್ಕೆ ಮನೇಲಿಟ್ಟು ಓಡಿ ಬಾ."

ಕೊನೆಯ ಮಾತನ್ನು ಎರಡು ಸಲ ಹೇಳುತ್ತಾರೆ. "ಕೊಳವೆ ಇವತ್ತು ಮುಚ್ಚಿದ್ರೂ ಮುಂದಕ್ಕೆ ಬಂದಿರೋ ವೀರ್ಯಾಣು ಒಳಗೇ ಇರುತ್ತೆ. ಮೂರು ತಿಂಗಳು ಕಾಂಡೋಮ್ ಬಿಡಬೇಡ. ಆಮೇಲೆ ಬಂದು ವೀರ್ಯ ಪರೀಕ್ಷೆ ಮಾಡಿಸು. ಸೊನ್ನೆ ಅಂತ ಬಂದ ಮೇಲೇ ನಿಶ್ಚಿಂತೆ."

ಐದು ತಲೆಗಳು ಆಡುತ್ತವೆ. ಆದರೆ ಹತ್ತು ಜನರಲ್ಲಿ ತಾವಾಗಿ ಪರೀಕ್ಷೆಗೆ ಬರುವವರು ನಾಲ್ವರು. ಗಾಯ ಮಾಯುತ್ತದೆ, ಮಾತು ಮರೆಯುತ್ತದೆ. ಅದಕ್ಕೇ ಬಾಗಿಲ ಹಿಂದೆ ಆ ಕ್ಯಾಲೆಂಡರ್. ಯಾರ ಕಣ್ಣಿಗೂ ಗುಟ್ಟು ಬೀಳದಿರಲೆಂದು ಹೆಸರು ಬರೆಯುವುದಿಲ್ಲ, ಮೂರು ತಿಂಗಳ ಮುಂದಿನ ತಾರೀಖಿನ ಮನೆಯಲ್ಲಿ ಕಸುಬಷ್ಟೇ: ಬಡಗಿ, ಮೇಷ್ಟ್ರು, ಪೇಂಟರ್. ಬಾರದಿದ್ದರೆ ಫೋನು, ಎತ್ತದಿದ್ದರೆ ಮತ್ತೆ ಫೋನು. ಹೀಗೆ ನಾಲ್ಕನ್ನು ಏಳಕ್ಕೆ ಏರಿಸಿದ್ದಾರೆ.

ಈ ತಿಂಗಳ ಎಂಟನೇ ತಾರೀಖಿನ ಮನೆಯಲ್ಲಿ 'ಲಾರಿ' ಎಂದಿದೆ. ಇವತ್ತು ಇಪ್ಪತ್ತು. ಚಾಲಕನ ಫೋನು ಹನ್ನೆರಡು ದಿನದಿಂದ ಬರೀ ಬಡಿದುಕೊಳ್ಳುತ್ತಿದೆ. ಎರಡನೇ ಹೆರಿಗೆಯಲ್ಲಿ ಅವನ ಹೆಂಡತಿಯ ಗರ್ಭಕೋಶ ಹರಿದಿತ್ತು. ಇನ್ನೊಮ್ಮೆ ಬಸಿರಾದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರಿಂದಲೇ ಅವನು ಇಲ್ಲಿಗೆ ಬಂದದ್ದು.

ಮಧ್ಯಾಹ್ನ ಪಾಳಿ ಮುಗಿಸಿ ಡ್ರೆಸರ್ ಎರಡು ಬಸ್ಸು ಹಿಡಿಯುತ್ತಾರೆ, ಎರಡರಲ್ಲೂ ನಿಂತೇ. ಲಾರಿ ನಿಲ್ದಾಣದಲ್ಲಿ ಚಾಲಕ ಚಕ್ರದ ನಟ್ಟು ಬಿಗಿಮಾಡುತ್ತಿದ್ದಾನೆ.

"ಅಯ್ಯೋ ಅಣ್ಣಾ, ನೀವ್ಯಾಕೆ ಬರೋಕೆ ಹೋದ್ರಿ? ಎಲ್ಲ ಸರಿಹೋಗಿದೆ. ಕಾಂಡೋಮೂ ಮೊನ್ನೆ ಬಿಟ್ಟಾಯ್ತು."

"ಯಾರನ್ನ ಕೇಳಿ ಬಿಟ್ಟೆ?"

"ಆಪರೇಷನ್ ಆಗಿದ್ಯಲ್ಲ! ಇನ್ನು ಆ ಪರೀಕ್ಷೆ... ಆಸ್ಪತ್ರೆ ಬಾತ್‌ರೂಮಿಗೆ ಚಿಲಕಾನೇ ಇಲ್ಲ ಅಣ್ಣ. ಬಾಗಿಲಿಗೆ ಕಾಲು ಕೊಟ್ಕೊಂಡು ಬಾಟ್ಲಿ ಹಿಡ್ಕೊಂಡು... ಮನುಷ್ಯನ ಕೈಲಾಗೋ ಕೆಲ್ಸಾನಾ?"

ಡ್ರೆಸರ್ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. "ನೋಡಪ್ಪ, ವಾರವಾರ ಹೇಳೋನೇ ನಾನು, ನನಗೇನು ಪರೀಕ್ಷೆ ಅಂತ ನಾನೂ ಹೋಗಿರ್ಲಿಲ್ಲ. ನಮ್ಮನೇಲಿ ಮೂರನೇ ಮಗಳು ಹುಟ್ಟಿದ್ದು ಹಾಗೆ. ಈಗ ಹತ್ತನೇ ಕ್ಲಾಸು, ಮನೆಯವರೆಲ್ಲ ಬೋನಸ್ ಅಂತಲೇ ಕರೀತಾರೆ. ಅವಳೇ ನನ್ನ ಜೀವ. ಆದ್ರೆ ನನ್ನ ಹೆಂಡ್ತಿ ಮೈ ಗಟ್ಟಿಯಿತ್ತು, ಉಳಿದ್ಲು. ನಿಮ್ಮೋಳಿಗೆ ಡಾಕ್ಟ್ರು ಏನು ಹೇಳಿದ್ರು, ನೆನಪಿದ್ಯಾ?"

ಚಾಲಕ ಸ್ಪ್ಯಾನರ್ ಕೆಳಗಿಡುತ್ತಾನೆ.

ಮರುದಿನ ಬೆಳಿಗ್ಗೆ ಡ್ರೆಸರ್ ಆ ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಾರೆ. ವರದಿ ಬರುತ್ತದೆ: ವೀರ್ಯಾಣು ಇನ್ನೂ ಇದೆ, ಓಡಾಡುತ್ತಿದೆ. ಚಾಲಕನ ಹೆಂಡತಿಯನ್ನು ಅದೇ ದಿನ ಕರೆಸಿ ಡಾಕ್ಟರಿಗೆ ತೋರಿಸಿ, ಹತ್ತು ದಿನ ಬಿಟ್ಟು ಮತ್ತೆ ತೋರಿಸುತ್ತಾರೆ. ಆಕೆ ಬಸಿರಾಗಿಲ್ಲ. ಕಾಂಡೋಮ್ ಮತ್ತೆ ಶುರುವಾಗುತ್ತದೆ, ಕ್ಯಾಲೆಂಡರಿನಲ್ಲಿ ಆರು ವಾರದಾಚೆ ಮತ್ತೊಂದು 'ಲಾರಿ' ಬೀಳುತ್ತದೆ.

ಆ ದಿನ ಚಾಲಕ ಕರೆಯದೆಯೇ ಬರುತ್ತಾನೆ. ಕೈಯಲ್ಲಿ ಸ್ಕ್ರೂಡ್ರೈವರ್, ಜೇಬಿನಲ್ಲಿ ಹೊಸ ಚಿಲಕ. ಯಾರನ್ನೂ ಕೇಳದೆ ನಾಲ್ಕು ತಿರುಪು ಬಿಗಿದು, ಒಳಗೆ ಹೋಗಿ ಟಕ್ಕನೆ ಹಾಕಿಕೊಳ್ಳುತ್ತಾನೆ. "ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಅರ್ಜಿ ಬರೆದಿದೀನಿ ಗೊತ್ತಾ ಈ ಚಿಲಕಕ್ಕೆ?" ಎನ್ನುತ್ತಾ ಡ್ರೆಸರ್ ಬಕೆಟ್ಟಿನ ಮೇಲೆ ಕೂರುತ್ತಾರೆ.

ಮಧ್ಯಾಹ್ನದ ವರದಿಯಲ್ಲಿ ಸೊನ್ನೆ. ಚಾಲಕ ಅದನ್ನು ಮೂರು ಸಲ ಓದಿಸಿಕೊಂಡು ಅಲ್ಲಿಂದಲೇ ಮನೆಗೆ ಫೋನು ಹಚ್ಚುತ್ತಾನೆ. ಡ್ರೆಸರ್ ಬಾಗಿಲ ಹಿಂದೆ ಹೋಗಿ 'ಲಾರಿ'ಯ ಮೇಲೆ ಗೆರೆ ಎಳೆಯುತ್ತಾರೆ.

ಇನ್ನೇನಾದರೂ ಬೇಕೆ ಎಂದು ಚಾಲಕ ಕೇಳಿದರೆ ಕಾಲು ನೀವಿಕೊಳ್ಳುತ್ತಾ ಯೋಚಿಸುತ್ತಾರೆ. "ಏನೂ ಬೇಡಪ್ಪ. ಕಾವಲು ನಿಲ್ಲೋದೊಂದು ತಪ್ತಲ್ಲ. ಆ ಹೊತ್ತಲ್ಲಿ ಇನ್ನಿಬ್ಬರಿಗೆ ಫೋನ್ ಮಾಡಬಹುದು."