ಗಿಡ್ಡಮ್ಮನವರ ಕಾರ್ಡು ದಂಡಯಾತ್ರೆ

ಜಾವಳಿಯ ಗಿಡ್ಡಮ್ಮನವರು ಸಪಾಟು ನೆಲದ ಮೇಲೂ ಓರೆಯಾಗಿಯೇ ನಡೆಯುತ್ತಾರೆ. ಆಯಸ್ಸೆಲ್ಲ ಇಳಿಜಾರಿನ ತೋಟದಲ್ಲಿ ಕಾಫಿ ಹಣ್ಣು ಕೊಯ್ದವರ ದೇಹ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಎಂಬ ಅಭ್ಯಾಸವನ್ನು ಬಿಟ್ಟುಕೊಡುವುದಿಲ್ಲ. ಇದನ್ನು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಅವರು ಹೆಜ್ಜೆಯಿಟ್ಟರೆ ನಿಲ್ದಾಣವೇ ಒಂದು ಕಡೆಗೆ ವಾಲುತ್ತದೆ, ನಿಂತ ಬಸ್ಸಿನ ಚಾಲಕರು ಹ್ಯಾಂಡ್‌ಬ್ರೇಕ್ ಎಳೆದುಕೊಳ್ಳುತ್ತಾರೆ ಎಂದು ಪ್ರತೀತಿ. ಭೂಮಿ ಸ್ವಲ್ಪ ಓರೆಯಾಗಿ ತಿರುಗುವುದಕ್ಕೂ ಅವರೇ ಕಾರಣವೆಂಬ ವಾದವಿದೆ.

ಇಂಥ ವೀರವನಿತೆ ದೀಪಾವಳಿ ಕಳೆದ ಮೇಲೆ ಎರಡು ಸಲ ತಲೆಸುತ್ತಿ ಅಂಗಳದಲ್ಲಿ ಬಿದ್ದರು. ಬಿದ್ದದ್ದನ್ನು ಒಪ್ಪಲಿಲ್ಲ, ಸುಮ್ಮನೆ ಕೂತದ್ದು ಎಂದರು. ಸೊಸೆ ಅರ್ಚನಾ ಮಾತ್ರ ಅದನ್ನು ನಂಬಲಿಲ್ಲ. ತಿಂಗಳಿಗೊಮ್ಮೆ ಬಿಪಿ ನೋಡಿ, ಮಂಡಿ ಒತ್ತಿ, ಮಾತ್ರೆ ಬರೆದುಕೊಡುವ ಒಬ್ಬ ಡಾಕ್ಟರು ಬೇಕು. ಅವರು ಮನೆಯಲ್ಲಿರುವ ಆಯುಷ್ಮಾನ್ ಕಾರ್ಡನ್ನು ಒಪ್ಪಬೇಕು. ಇಷ್ಟೇ ಅವಳ ಬೇಡಿಕೆ. ಬಟ್ಟೆ ಅಂಗಡಿಯ ಕೆಲಸಕ್ಕೆ ವಾರಕ್ಕೊಂದೇ ರಜೆ. ಆ ರಜೆಗಳನ್ನೆಲ್ಲ ಈ ಯುದ್ಧಕ್ಕೆ ಮುಡಿಪಿಟ್ಟಳು.

ಮೊದಲ ದಾಳಿ ಒಂದು ನರ್ಸಿಂಗ್ ಹೋಮಿನ ಮೇಲೆ. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಇದು ಅಡ್ಮಿಟ್ ಆದವರಿಗೆ ಮಾತ್ರ, ಬಂದು ತೋರಿಸಿಕೊಂಡು ಹೋಗುವವರಿಗಲ್ಲ ಎಂದು ಮೆಲ್ಲಗೆ ತಿಳಿಸಿದಳು. ಅಂದರೆ ನಿಂತ ಮುದುಕಿಗೆ ಕಾರ್ಡಿಲ್ಲ, ಮಲಗಿದ ಮುದುಕಿಗೆ ಉಂಟು. ಗಿಡ್ಡಮ್ಮನವರು ತಿರುಗಿ ನೋಡಿ, "ಹಂಗಾದ್ರೆ ಇಲ್ಲೇ ಮಲಗ್ಲೇನವ್ವ?" ಎಂದರು. ಹುಡುಗಿ ನಗಲೂ ಆಗದೆ ಮುಂದಿನವರನ್ನು ಕರೆದಳು.

ಮುಂದಿನ ವಾರ ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆ. ಅಲ್ಲಿ ಕಾರ್ಡು ಕಂಡೊಡನೆ ಎರಡೂ ಮಂಡಿ ಬದಲಿಸುವ ಮಾತು ಬಂತು. ತಲೆಸುತ್ತಿಗೆ ಬೇರೆ ಕೋಣೆ. ಆ ಕೋಣೆಯಲ್ಲಿ ಕಾರ್ಡು ನಡೆಯುವುದಿಲ್ಲ. ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕಳೆದು, ವಾಪಸು ಬಸ್ಸಿನಲ್ಲಿ ಜೋತು ನಿಂತಾಗ ಅತ್ತೆಗಿಂತ ಸೊಸೆಯ ಕಾಲೇ ಹೆಚ್ಚು ನೋಯುತ್ತಿತ್ತು. ಅವಳ ಮುಖ ನೋಡಿ ಕಂಡಕ್ಟರ್ ಓಂಕಾರಪ್ಪ ವಿಚಾರಿಸಿದ. ಕಥೆ ಕೇಳಿ, "ಅಡ್ಮಿಟ್ ಮಾಡೋ ಕಡೆ ಹೋಗಿದ್ದೀರಲ್ಲ ಮಾರಾಯ್ತಿ. ವಯಸ್ಸಾದವ್ರಿಗೇ ಅಂತ ಒಂದು ಕ್ಲಿನಿಕ್ ಇದೆ, ನಮ್ಮಮ್ಮನ್ನ ಅಲ್ಲಿಗೇ ಕರ್ಕೊಂಡು ಹೋಗೋದು. ಟ್ರಸ್ಟಿನೋರು ನಡೆಸೋದು, ಈ ಕಾರ್ಡು ತೋರಿಸಿದ್ರೆ ದುಡ್ಡು ಕೇಳಲ್ಲ," ಎಂದು ದಾರಿ ಹೇಳಿದ.

ಮೂರನೆಯ ರಜೆಯೂ ಹೋಯಿತು. ಆದರೆ ಕ್ಲಿನಿಕ್ ಸಿಕ್ಕಿತು, ಕಾರ್ಡೂ ನಡೆಯಿತು. ಡಾಕ್ಟರ್ ಷಡಕ್ಷರಿ ಕುರ್ಚಿಯನ್ನು ಹತ್ತಿರಕ್ಕೆಳೆದು ಏನು ತೊಂದರೆ ಎಂದು ಕೇಳಿದರು.

ಗಿಡ್ಡಮ್ಮನವರು ಬೆನ್ನು ನೆಟ್ಟಗೆ ಮಾಡಿ ಕೂತರು. "ಏನೂ ಇಲ್ಲ ಸ್ವಾಮಿ. ಗಟ್ಟಿ ಇದೀನಿ."

"ತಲೆಸುತ್ತು?"

"ಇಲ್ಲ."

"ಮಂಡಿ ನೋವು?"

"ಕಲ್ಲಿದ್ದಂಗಿದೆ."

ಕಾಯಿಲೆಯೇ ಇಲ್ಲದವರನ್ನು ತಿಂಗಳು ತಿಂಗಳು ಕರೆಸುವುದು ಹೇಗೆ? ಡಾಕ್ಟರು ಪೆನ್ನು ಕೆಳಗಿಟ್ಟು ಮುಂದಿನ ರೋಗಿಗಾಗಿ ಬಾಗಿಲ ಕಡೆ ನೋಡಿದರು. ಅರ್ಚನಾ ಕೂಗಾಡಲಿಲ್ಲ, ಅದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. "ನಿಮ್ ಕಾಲಿಗೆ ಬೀಳ್ತೀನಿ ಅತ್ತೆ, ಇಲ್ಲಾದ್ರೂ ಬಾಯಿ ಬಿಡಿ," ಎಂದಳು. ಅತ್ತೆ ಇನ್ನಷ್ಟು ನೆಟ್ಟಗೆ ಕೂತರು. ಕೊನೆಗೆ ಅತ್ತೆ ಅಂಗಳದಲ್ಲಿ ಬಿದ್ದ ಎರಡೂ ಕಥೆಗಳನ್ನು ಅರ್ಚನಾಳೇ ಹೇಳಿದಳು.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದರು. ಬಿಪಿ ನೋಡಿ ಅವರ ಹುಬ್ಬು ಮೇಲೇರಿತು. ಮಂಡಿ ಮಡಚಿಸಿದರೆ ಹೊರಗೆ ಕಾಯುತ್ತಿದ್ದವರಿಗೂ ಕೇಳುವಂತೆ ಲಟಕ್ಕೆಂದಿತು. ಮಾತ್ರೆ ಕೊಟ್ಟು, ಇನ್ನು ಪ್ರತಿ ತಿಂಗಳು ಇಲ್ಲಿಗೇ ಬನ್ನಿ, ಕಾರ್ಡು ಸಾಕು ಎಂದರು. ಅರ್ಚನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೋಟೆ ಬಿದ್ದಿತ್ತು, ರಾಜ್ಯ ಕೈವಶವಾಗಿತ್ತು.

ಇಷ್ಟು ದೂರ ಅಲೆದು ಬಂದು ನೋವನ್ನು ಮುಚ್ಚಿಟ್ಟದ್ದೇಕೆ ಎಂದು ಡಾಕ್ಟರು ಕೊನೆಗೆ ಕೇಳಿದರು.

"ತೋಟದ ಆಸ್ಪತ್ರೇಲಿ ಹುಷಾರಿಲ್ಲ ಅಂದ್ರೆ ಕೂಲಿ ಲೆಕ್ಕ ಬರೆಯೋ ರೈಟ್ರಿಗೆ ಹೇಳ್ಬಿಡೋರು ಸ್ವಾಮಿ," ಎಂದರು ಗಿಡ್ಡಮ್ಮನವರು. "ಅವ್ರು ಅವತ್ತಿನ ಹಾಜರಿ ಹಾಕ್ತಿರ್ಲಿಲ್ಲ."