ದಸ್ತಗೀರ ಕಾಕಾನ ‘ಹೂಂ’

ಒಂದು ‘ಹೂಂ’ ಇತ್ತೀಚೆಗೆ ಕೌಜಲಗಿ ಕಡೆಯ ಶಾಲೆಯೊಂದರ ಮಕ್ಕಳ ತೋಳುಗಳನ್ನು ಅರ್ಧಕ್ಕೇ ಕತ್ತರಿಸಿಬಿಟ್ಟಿತು.

ಗಾಬರಿಯಾಗಬೇಡಿ. ಅಂಗಿಯ ತೋಳು.

ಈ ಅಂಕಣ ಬರೆಯುವುದು ಬಿಟ್ಟರೆ ಹೊಟ್ಟೆಪಾಡಿಗೆ ನಾನೇನು ಮಾಡುತ್ತೇನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಶಾಲೆಗಳಿಗೆ ಯೂನಿಫಾರ್ಮ್ ಹೊಲಿಸಿಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ಆರ್ಡರ್ ನೋಡಿಕೊಳ್ಳುತ್ತೇನೆ. ಆಫೀಸು ಗೋಕಾಕದಲ್ಲಿ, ಬಟ್ಟೆ ಕತ್ತರಿಸುವುದು ಹುಕ್ಕೇರಿಯಲ್ಲಿ, ಹೊಲಿಯುವುದು ಮೂಡಲಗಿಯಲ್ಲಿ. (ಹೀಗೇಕೆ ಎಂದು ಕೇಳಬೇಡಿ. ನಮ್ಮ ಮಾಲೀಕರಾದ ಅಣ್ಣಾಸಾಹೇಬರಿಗೆ ಎಲ್ಲೆಲ್ಲಿ ಅಗ್ಗದ ಬಾಡಿಗೆಗೆ ಜಾಗ ಸಿಕ್ಕಿತೋ ಅಲ್ಲಲ್ಲಿ ಸಂಸ್ಥೆ ಬೆಳೆಯಿತು.) ಮೂರೂ ಊರಿನವರು ಒಟ್ಟಿಗೆ ಸೇರುವುದು ಗೋಕಾಕದ ಆಫೀಸಿನಲ್ಲಿ ನಡೆಯುವ ಸೋಮವಾರದ ಮೀಟಿಂಗ್‌ನಲ್ಲಿ.

ಮೀಟಿಂಗ್ ಎಂದರೆ ಏನು? ಅಣ್ಣಾಸಾಹೇಬರು ಮಾತು ಶುರು ಮಾಡುತ್ತಾರೆ. ಅವರು ಮುಗಿಸುವ ಮೊದಲೇ ಮೂಡಲಗಿಯ ಹೊಲಿಗೆ ವಿಭಾಗ ನೋಡಿಕೊಳ್ಳುವ ಸುನಂದಾ ಉತ್ತರ ಕೊಡುತ್ತಾಳೆ. ಅವಳು ಮುಗಿಸುವ ಮೊದಲೇ ನಾನು ಬಾಯಿ ಹಾಕುತ್ತೇನೆ. ಅಣ್ಣಾಸಾಹೇಬರಿಗೆ ಸಿಟ್ಟು ಬಂದು ಮಾತು ಮರಾಠಿಗೆ ಜಾರುತ್ತದೆ. ಮೇಲೆ ಫ್ಯಾನು, ನಡುವೆ ಫೋನು, ಆಮೇಲೆ ಚುರಮರಿ. ಬೆಳಿಗ್ಗೆ ಕೂತವರು ಏಳುವ ಹೊತ್ತಿಗೆ ಊಟದ ವೇಳೆ.

ಕೊನೆಗೆ ಅಣ್ಣಾಸಾಹೇಬರು ಕೇಳುತ್ತಾರೆ, “ಎಲ್ಲಾರಿಗೂ ತಿಳೀತಲ್ಲ?”

“ಹೂಂರಿ!”

ಎಲ್ಲರಿಗಿಂತ ಗಟ್ಟಿ ‘ಹೂಂ’ ದಸ್ತಗೀರ ಕಾಕಾನದು. ಹುಕ್ಕೇರಿಯ ಕಟಿಂಗ್ ಮಾಸ್ತರ. ಅಣ್ಣಾಸಾಹೇಬರು ಒಂದೇ ಒಂದು ಮಷೀನಿಟ್ಟು ಶುರು ಮಾಡಿದ ದಿನದಿಂದ ಜೊತೆಗಿರುವ ಜೀವ.

ಕೌಜಲಗಿಯ ಆ ಶಾಲೆ ಈ ಸಲ ಅರ್ಧ ತೋಳು ಬೇಡ, ತುಂಬು ತೋಳು ಬೇಕು ಎಂದಿತ್ತು. ಮೀಟಿಂಗ್‌ನಲ್ಲಿ ಅದೇ ದೊಡ್ಡ ಚರ್ಚೆ. ಕಾಕಾ ‘ಹೂಂ’ ಅಂದ. ಎಲ್ಲರೂ ಎದುರಿಗೇ ಇದ್ದೆವಲ್ಲ, ಮತ್ತೆ ಬರೆದು ಬೇರೆ ಕಳಿಸುವುದೇಕೆ ಎಂದು ನಾವು ಸುಮ್ಮನಾದೆವು. ಹುಕ್ಕೇರಿಯಿಂದ ಬಂದ ಗಂಟನ್ನು ಮೂಡಲಗಿಯಲ್ಲಿ ಬಿಚ್ಚಿದಾಗ ಬಿಳಿ ಬಟ್ಟೆಯೆಲ್ಲ ಎಂದಿನಂತೆ ಅರ್ಧ ತೋಳಿಗೇ ಕತ್ತರಿಸಲಾಗಿತ್ತು.

ತುಂಬು ತೋಳನ್ನು ಅರ್ಧ ಮಾಡಬಹುದು. ಅರ್ಧವನ್ನು ತುಂಬು ಮಾಡುವುದು ಹೇಗೆ?

ಅಣ್ಣಾಸಾಹೇಬರು ಫೋನಿನಲ್ಲಿ ಕೂಗಾಡಿದರು. ಕಾಕಾ ವಾದ ಮಾಡಲಿಲ್ಲ. “ತಪ್ಪ ನಂದs ಐತ್ರಿ. ನಾಳಿಂದ ಬೇರೆ ಯಾರನ್ನರ ನೋಡ್ಕೋರ್ರಿ” ಎಂದು ಫೋನಿಟ್ಟ. ಮರುದಿನ ನಿಜಕ್ಕೂ ಬರಲಿಲ್ಲ.

ನನಗೆ ತಡೆಯಲಿಲ್ಲ. ಹುಕ್ಕೇರಿ ಬಸ್ಸು ಹತ್ತಿದೆ.

ಕಾಕಾ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಎದುರು ಕೂತು ಮಾತಾಡಿಸಿದೆ. ಎಲ್ಲದಕ್ಕೂ ಸರಿಯಾಗಿಯೇ ಉತ್ತರ ಕೊಟ್ಟ. ಅಷ್ಟರಲ್ಲಿ ಮೊಮ್ಮಕ್ಕಳು ಗಲಾಟೆ ಮಾಡುತ್ತ ಬಂದವು. ಒಳಗಿನಿಂದ ಕಾಕಿ, ಚಹಾಕ್ಕೆ ಸಕ್ಕರೆ ಹಾಕಲೋ ಬೇಡವೋ ಎಂದು ಕೂಗಿ ಕೇಳಿದಳು.

“ಹೂಂ” ಎಂದ ಕಾಕಾ.

ಕಾಕಿ ಬಾಗಿಲಿಗೇ ಬಂದಳು. “ನೋಡ್ರಿ, ಎಲ್ಲಾಕ್ಕೂ ಹೂಂ ಅಂತಾರ. ಕಿವಿ ಮಂದ ಆಗೈತಿ. ಯಾರ ಮುಂದೂ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಯಾರ.”

ಕಾಕಾ ತಲೆ ತಗ್ಗಿಸಿದ. “ಒಬ್ಬೊಬ್ರ ಮಾತಾಡಿದ್ರ ತಿಳೀತೈತಿ ತಂಗಿ. ನಾಕ್ ಮಂದಿ ಕೂಡೇ ಶುರು ಹಚ್ಚಿದ್ರ ಬರೇ ಸಂತಿ ಗದ್ಲ.”

“ಮತ್ತ ಹೂಂ ಅಂತ ಯಾಕಂದಿ ಕಾಕಾ?”

“ನೀವೆಲ್ಲಾ ಹೂಂ ಅಂದ್ರಿ. ನಿಮಗೆಲ್ಲಾ ತಿಳದೈತಿ, ನಾ ಒಬ್ಬನs ಯಾಕ ದಡ್ಡ ಆಗ್ಲಿ ಅಂತ ಅಂದೆ.”

ನಿಮಗೆಲ್ಲಾ ತಿಳಿದಿದೆ. ಈ ಮಾತೇಕೋ ಚುಚ್ಚಿತು. ಕೂತಲ್ಲಿಂದಲೇ ಸುನಂದಾಗೆ ಫೋನು ಮಾಡಿದೆ. ತೋಳಿನ ವಿಷಯ ಅವತ್ತು ಏನು ತೀರ್ಮಾನವಾಗಿತ್ತು?

“ಫುಲ್ ತೋಳು ಹೈಸ್ಕೂಲಿನವ್ರಿಗಷ್ಟs ಅಂತಲ್ರಿ?” ಎಂದಳು.

ನಾನು ತಿಳಿದದ್ದು ಎಲ್ಲ ಮಕ್ಕಳಿಗೂ ಎಂದು! ಅಣ್ಣಾಸಾಹೇಬರಿಗೂ ಫೋನು ಹಚ್ಚಿದೆ. “ಒಂದನೇ ಎರಡನೇ ಕ್ಲಾಸಿನ ಸಣ್ಣ ಹುಡುಗೂರನ್ನ ಬಿಟ್ಟು ಉಳದವ್ರಿಗೆಲ್ಲಾ ಫುಲ್ ಅಂತ ಅಷ್ಟ ಬಿಡಿಸಿ ಹೇಳೇನಲ್ಲ!” ಎಂದರು.

ಒಂದೇ ಮೀಟಿಂಗ್. ಒಂದೇ ಅಂಗಿ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ತೋಳು. ಕಿವಿ ಮಂದವಾಗಿದ್ದದ್ದು ಕಾಕಾನೊಬ್ಬನದೇ ಏನು?

ಇದನ್ನೆಲ್ಲ, ಕಾಕಾನ ಕಿವಿಯ ವಿಷಯವನ್ನೂ, ಅದೇ ಫೋನಿನಲ್ಲಿ ಅಣ್ಣಾಸಾಹೇಬರಿಗೆ ಹೇಳಿದೆ. ಸಂಜೆ ಅವರು ತಮ್ಮ ಹಳೆಯ ಸ್ಕೂಟರ್ ಏರಿ ಹುಕ್ಕೇರಿಗೇ ಬಂದರು. ಕಟ್ಟೆಯ ಮೇಲೆ ಕಾಕಾನ ಎದುರಿಗೆ ಕೂತರು.

“ದಸ್ತಗೀರ, ಇಷ್ಟ ವರ್ಷ ಕೂಡೇ ದುಡದೇವಿ. ಕೇಳಸೂದಿಲ್ಲ ಅಂತ ನನಗೊಂದ ಮಾತ ಹೇಳಾಕ ಏನಾಗಿತ್ತೋ ನಿನಗ?”

“ಹೇಳಿದ್ರ ಮನಿಗೆ ಹೋಗಂತೀರಿ ಅಂತ ಅಂಜಿಕಿ ಆಗಿತ್ರಿ.”

“ಹುಚ್ಚ! ಕತ್ರಿ ಹಿಡಿಯೂದು ಕೈಯಾಗೋ ಕಿವ್ಯಾಗೋ?”

ಕಾಕಾ ನಕ್ಕ. ನಗುತ್ತಲೇ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಕಾಕಿ ಒಳಗೆ ಹೋಗಿ ಮತ್ತೆ ಚಹಾಕ್ಕಿಟ್ಟಳು. (ಈ ಸಲ ಯಾರನ್ನೂ ಕೇಳದೆ ಸಕ್ಕರೆ ಹಾಕಿದಳು.)

ಶಾಲೆಯನ್ನೇ ಕೇಳಿದಾಗ ಅಣ್ಣಾಸಾಹೇಬರ ಮಾತೇ ಸರಿಯೆಂದು ತಿಳಿಯಿತು; ಕತ್ತರಿಸಿದ್ದರಲ್ಲಿ ಒಂದಷ್ಟು ಸಣ್ಣ ಮಕ್ಕಳಿಗೆ ಆಯಿತು. ಉಳಿದದ್ದಕ್ಕೆ ಅಣ್ಣಾಸಾಹೇಬರು ಸದ್ದಿಲ್ಲದೆ ಹೊಸ ಬಟ್ಟೆ ತರಿಸಿದರು. ಕಾಕಾನಿಗೆ ಕಿವಿಯ ಮಷೀನು ಬಂತು. ಆದರೆ ಅವನದು ಹೊಸ ತಕರಾರು: “ಇದರಾಗ ನಿಮ್ಮ ಗದ್ಲಾನೂ ದೊಡ್ಡದಾಗಿ ಕೇಳಸ್ತೈತ್ರಿ!”

ಹಾಗಾಗಿ ಮೀಟಿಂಗೇ ಬದಲಾಗಬೇಕಾಯಿತು. ಈಗ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಕಾಕಾನ ಮುಖ ನೋಡಿಯೇ ಮಾತಾಡಬೇಕು. ‘ಹೂಂ’ ನಡೆಯುವುದಿಲ್ಲ, ತಮ್ಮ ಪಾಲಿನ ಕೆಲಸವೇನು ಎಂದು ಅವರವರೇ ತಿರುಗಿ ಹೇಳಬೇಕು. ಒಬ್ಬ ಕಾಕಾನಿಗಾಗಿ ಮಾಡಿಕೊಂಡ ಏರ್ಪಾಡು. ಉಪಯೋಗವಾದದ್ದು ನಮಗೆಲ್ಲರಿಗೂ! ಚಹಾ ಆರುವ ಮೊದಲೇ ಮೀಟಿಂಗ್ ಮುಗಿದಿರುತ್ತದೆ. ಸುನಂದಾ ಮಧ್ಯಾಹ್ನದವರೆಗೆ ಕಾಯದೆ ಮೂಡಲಗಿಯ ಬಸ್ಸು ಹಿಡಿಯುತ್ತಾಳೆ.

ಕಳೆದ ಸೋಮವಾರ ಅಣ್ಣಾಸಾಹೇಬರು ಏನೋ ಗಡಿಬಿಡಿಯಲ್ಲಿ ಹೇಳಿ ಮುಗಿಸಿದರು. ಸುನಂದಾ ಕೈ ಎತ್ತಿದಳು.

“ನನಗ ತಿಳೀಲಿಲ್ರಿ ಅಣ್ಣಾರ. ಇನ್ನೊಮ್ಮಿ ಹೇಳ್ರಿ.”

ಇಷ್ಟು ವರ್ಷದಲ್ಲಿ ನಮ್ಮ ಆಫೀಸಿನಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣಾಸಾಹೇಬರು ಸಿಟ್ಟಾಗಲಿಲ್ಲ. ಇನ್ನೊಮ್ಮೆ ಹೇಳಿದರು.

ನಿಮ್ಮ ಆಫೀಸಿನ ಹೋದ ಮೀಟಿಂಗ್‌ನಲ್ಲಿ ಏನು ತೀರ್ಮಾನವಾಯಿತೆಂದು ಪಕ್ಕದ ಕುರ್ಚಿಯವರನ್ನು ಒಮ್ಮೆ ಕೇಳಿ ನೋಡುವ ಧೈರ್ಯ ನಿಮಗಿದೆಯೇ?